ಎರಡು ಹಳದಿ ಮಾತ್ರೆಗಳು

ಸೋಮವಾರ ಬಿಸಿಯೂಟ ಮುಗಿದ ಮೇಲೆ ನಮ್ಮ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ನೀಲಿ ಬಣ್ಣದ ಮಾತ್ರೆ ಕೊಡುತ್ತೇವೆ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ. ಬೆಳೆಯುವ ಮಕ್ಕಳಿಗೆ ರಕ್ತಹೀನತೆ ಬಾರದಿರಲಿ ಎಂದು ವಾರಕ್ಕೊಂದರಂತೆ ಸರ್ಕಾರ ಕೊಡುವುದು. ವಿಜ್ಞಾನದ ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಆ ಕೆಲಸ ಮೊದಲಿನಿಂದಲೂ ನನ್ನ ತಲೆಗೇ ಬಂದಿತ್ತು. ಮಕ್ಕಳು ಸಾಲಾಗಿ ಬರುತ್ತಿದ್ದರು. ಒಬ್ಬೊಬ್ಬರ ಅಂಗೈಗೂ ಒಂದೊಂದು ಹಾಕುತ್ತಿದ್ದೆ. ನನ್ನೆದುರಿಗೇ ನುಂಗಿ ನೀರು ಕುಡಿಯಬೇಕು. ಆದರೂ ಕೆಲವು ಕಿಲಾಡಿಗಳು ನಾಲಿಗೆಯ ಅಡಿಯಲ್ಲಿ ಇಟ್ಟುಕೊಂಡು ಹೋಗಿ ಕಾಂಪೌಂಡಿನ ಹಿಂದೆ ಉಗುಳುತ್ತಿದ್ದರು. ಗೋಡೆಯ ಮೇಲಿನ ನೀಲಿ ಕಲೆಗಳು ಅವರನ್ನು ಹಿಡಿದುಕೊಡುತ್ತಿದ್ದವು.

2014ರ ಜುಲೈನಲ್ಲಿ ಒಂದು ಸೋಮವಾರ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, "ಇನ್ನು ಮೇಲೆ ಮಾತ್ರೆ ಕೊಡೋದನ್ನು ಕನ್ನಡ ಮೇಡಂ ನೋಡ್ಕೋತಾರೆ ಬಿಡಿ. ನಿಮಗೂ ಕೆಲಸ ಜಾಸ್ತಿ" ಎಂದರು. ಅವರು ಒಳ್ಳೆಯವರು, ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳುವಾಗ ಮೇಜಿನ ಮೇಲಿನ ಹಾಜರಾತಿ ಪುಸ್ತಕವನ್ನೇ ನೋಡುತ್ತಿದ್ದರು. ನಾನು ಬಿಡದೆ ಕೇಳಿದ ಮೇಲೆ ಹೊರಬಂತು. ಪೋಷಕರೊಬ್ಬರು ಬಂದು, "ಆ ಮೇಷ್ಟ್ರ ಕೈ ನೋಡಿದೀರಾ? ಆ ಕೈಯಿಂದ ನಮ್ಮ ಮಗೂಗೆ ಮಾತ್ರೆ ಕೊಡಿಸ್ತೀರಲ್ಲ" ಎಂದು ಜೋರು ಮಾಡಿ ಹೋಗಿದ್ದರಂತೆ.

ಅವರನ್ನು ನಾನು ದೂರುವುದಿಲ್ಲ. ನನ್ನ ಕೈ ಆಗ ಹಾಗೇ ಇತ್ತು. ಮೊಣಕೈಯಿಂದ ಬೆರಳ ಗೆಣ್ಣಿನವರೆಗೆ ಕೆಂಪು ಹಪ್ಪಳಗಳು, ಅದರ ಮೇಲೆ ಬೆಳ್ಳಿಯಂಥ ಬಿಳಿ ಹೊಟ್ಟು. ಬೋರ್ಡಿನ ಮೇಲೆ ಬರೆದು ಕೈ ಕೊಡವಿದರೆ ಉದುರುವುದು ಸೀಮೆಸುಣ್ಣವೋ ಚರ್ಮವೋ ನನಗೇ ಗೊತ್ತಾಗುತ್ತಿರಲಿಲ್ಲ. ಹಿಂದಿನ ಬೆಂಚಿನವರು ಅದಕ್ಕೆ ಇಟ್ಟ ಹೆಸರು ನನಗೆ ಗೊತ್ತಿತ್ತು, ಇಲ್ಲಿ ಬರೆಯುವುದು ಬೇಡ.

ಆ ಕಾಯಿಲೆಯ ಹೆಸರು ಸೋರಿಯಾಸಿಸ್. ಇದು ಕುಷ್ಠವಲ್ಲ, ತೊನ್ನಲ್ಲ, ಕಜ್ಜಿಯಲ್ಲ. ಮುಟ್ಟಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. 2014ರಲ್ಲಿಯೇ, ನನ್ನ ಕೈಯಿಂದ ಮಾತ್ರೆ ತಪ್ಪಿದ ವರ್ಷವೇ, ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳೆಲ್ಲ ಸೇರಿ ಇದು ಅಂಟುಜಾಡ್ಯವಲ್ಲ, ಜನ ಸುಮ್ಮನೆ ಹೇಸಬಾರದು ಎಂದು ನಿರ್ಣಯ ಮಾಡಿದ್ದವು. ಜಿನೀವಾದ ನಿರ್ಣಯ ನಮ್ಮೂರಿನ ಬಸ್‌ಸ್ಟ್ಯಾಂಡಿಗೆ ಬರಲು ಸಮಯ ಹಿಡಿಯುತ್ತದೆ.

ನಮ್ಮ ಚರ್ಮದ ಹೊರಪದರ ಸದಾ ಹೊಸದಾಗುತ್ತಿರುತ್ತದೆ. ಕೆಳಗೆ ಹುಟ್ಟಿದ ಕೋಶ ನಿಧಾನವಾಗಿ ಮೇಲೇರಿ, ಒಣಗಿ, ಉದುರಿಹೋಗಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಕಡೆ ಈ ಪ್ರಯಾಣ ನಾಲ್ಕೈದು ದಿನಗಳಲ್ಲೇ ಮುಗಿಯುತ್ತದೆ. ಪಕ್ವವಾಗದ ಕೋಶಗಳು ಒಂದರ ಮೇಲೊಂದು ಪೇರಿಸಿಕೊಂಡು ಹಪ್ಪಳವಾಗುತ್ತವೆ. ಹೀಗೆ ಅವಸರ ಮಾಡಿಸುವುದು ನಮ್ಮದೇ ರಕ್ತದ ಬಿಳಿಕಣಗಳು. ರೋಗಾಣು ಬಂದಿದೆ ಎಂದು ತಪ್ಪು ತಿಳಿದು, ಇಲ್ಲದ ಶತ್ರುವಿನ ಮೇಲೆ ಯುದ್ಧ ಹೂಡುತ್ತವೆ. ವಂಶದಲ್ಲಿ ಬರುವ ಗುಣವೂ ಸ್ವಲ್ಪ ಇದೆ. ನಮ್ಮ ಸೋದರಮಾವನಿಗೆ ಇತ್ತು. ಅವರಿಗೆ ನಾಗದೋಷ ಎಂದು ಹೇಳಿ ಮನೆಯವರು ಎಷ್ಟೋ ಕಡೆ ಹರಕೆ ಹೊತ್ತಿದ್ದರು.

ನನಗೆ ಶುರುವಾದದ್ದು 2009ರಲ್ಲಿ, ತಲೆಯ ಹೊಟ್ಟಾಗಿ. ಆಮೇಲೆ ಮೊಣಕೈ, ಮೊಣಕಾಲು. ಮುಲಾಮುಗಳು ಬಂದವು, ಟಾರಿನ ವಾಸನೆಯ ಶಾಂಪೂ ಬಂತು. ಹಚ್ಚಿದಷ್ಟು ದಿನ ಕಡಿಮೆ, ಬಿಟ್ಟರೆ ಮತ್ತೆ ಅದೇ. ಮುಲಾಮು ಹಚ್ಚುವ ಜಾಗ ಅಂಗೈಯಷ್ಟಿದ್ದಾಗ ಸರಿ. ಅರ್ಧ ಮೈಯೇ ಆದಾಗ ಬೆಳಿಗ್ಗೆ ಮುಕ್ಕಾಲು ಗಂಟೆ ಅದಕ್ಕೇ ಹೋಗುತ್ತಿತ್ತು, ಅಂಗಿಗಳೆಲ್ಲ ಎಣ್ಣೆ ಎಣ್ಣೆ.

ಮಾತ್ರೆಯ ಕೆಲಸ ಹೋದ ಮೇಲೆ ನನಗೆ ಹಟ ಬಂತು. ಹಟ ಬಂದಾಗ ಮನುಷ್ಯ ಬುದ್ಧಿ ಉಪಯೋಗಿಸುವುದಿಲ್ಲ, ಬಿಎಸ್ಸಿ ಬಿಎಡ್ ಆಗಿದ್ದರೂ ಅಷ್ಟೇ. ಯಾರೋ ಹೇಳಿದರೆಂದು ದೂರದ ಊರಿನಿಂದ ಒಂದು ಪುಡಿ ತರಿಸಿದೆ. ಹೆಸರಿಲ್ಲದ ಪೊಟ್ಟಣ, ಬೂದು ಬಣ್ಣ, ಜೇನುತುಪ್ಪದಲ್ಲಿ ದಿನಕ್ಕೆರಡು ಸಲ. ಎರಡು ವಾರದಲ್ಲಿ ಚರ್ಮ ಮಗುವಿನ ಚರ್ಮದಂತಾಯಿತು! ತೋಳು ಮಡಿಚಿದ ಅಂಗಿ ಹಾಕಿಕೊಂಡು ಶಾಲೆಗೆ ಹೋದೆ. ಹಸಿವು ಹೆಚ್ಚಾಯಿತು, ಮುಖ ದುಂಡಗಾಯಿತು. 'ಮೇಷ್ಟ್ರು ಕಳೆಕಳೆಯಾಗಿದಾರೆ' ಎಂದರು. ಮೂರನೇ ತಿಂಗಳು ಪೊಟ್ಟಣ ಬರುವುದು ನಿಂತಿತು. ಹತ್ತೇ ದಿನ. ತಲೆಯಿಂದ ಪಾದದವರೆಗೆ ಮೈಯೆಲ್ಲ ಬೆಂದಂತೆ ಕೆಂಪಾಗಿ, ಚಳಿ ಹಿಡಿದು, ಹಾಸಿಗೆಯ ತುಂಬ ಹೊಟ್ಟು ಉದುರಿಸಿಕೊಂಡು ಮಲಗಿದೆ. ಹಾಸನದಲ್ಲಿ ಚರ್ಮರೋಗದ ವೈದ್ಯರು ನೋಡಿ, "ಪುಡೀಲಿ ಸ್ಟಿರಾಯ್ಡ್ ಇತ್ತೂಂತ ಕಾಣುತ್ತೆ" ಎಂದರು. ಆ ಜಾತಿಯ ಔಷಧಿ ಹೊಟ್ಟೆಗೆ ಹೋದರೆ ಈ ಕಾಯಿಲೆ ಬೇಗ ಅಡಗುತ್ತದೆ, ತಟ್ಟನೆ ಬಿಟ್ಟರೆ ಹತ್ತರಷ್ಟಾಗಿ ಮೇಲೇಳುತ್ತದೆ. ಅದಕ್ಕೇ ಚರ್ಮದ ಡಾಕ್ಟರುಗಳು ಇದಕ್ಕೆ ಸಾಮಾನ್ಯವಾಗಿ ಸ್ಟಿರಾಯ್ಡ್ ಮಾತ್ರೆ ಬರೆಯುವುದಿಲ್ಲ.

ಆ ಡಾಕ್ಟರೇ ನನಗೆ ಮೆಥೋಟ್ರೆಕ್ಸೇಟ್ ಶುರುಮಾಡಿದವರು. ಅವರ ಕ್ರಮ ನನಗೆ ಹಿಡಿಸಿತು. ಮೊದಲು ರಕ್ತದ ಕಣಗಳ ಎಣಿಕೆ, ಪಿತ್ತಜನಕಾಂಗ, ಮೂತ್ರಪಿಂಡ, ಕಾಮಾಲೆಯ ವೈರಸ್ಸು, ಎದೆಯ ಎಕ್ಸ್‌ರೇ. ಹಳೆಯ ಕ್ಷಯ ಎಲ್ಲಾದರೂ ಅಡಗಿದ್ದರೆ ಈ ಔಷಧಿಯಿಂದ ಎದ್ದು ಕೂರಬಹುದಂತೆ. ಕುಡಿಯುತ್ತೀರಾ ಎಂದು ಕೇಳಿದರು. ಮನೆಯಲ್ಲಿ ಮಕ್ಕಳಾಗುವ ಯೋಚನೆ ಇದೆಯೇ ಎಂದೂ ಕೇಳಿದರು. ಆಗ ನಲವತ್ತು ದಾಟಿದ್ದ ನಾನು ನಾಚಿಕೊಂಡೆ. ಅವರು ನಗಲಿಲ್ಲ. ಗರ್ಭದಲ್ಲಿರುವ ಶಿಶುವಿಗೆ ಈ ಮಾತ್ರೆ ವಿಷ, ಬಸುರಿಯರು ತೆಗೆದುಕೊಳ್ಳಲೇಬಾರದು, ಗಂಡಸರಿಗೂ ಎಚ್ಚರಿಕೆ ಹೇಳುತ್ತೇವೆ ಎಂದರು. ಆಮೇಲೆ ಚೀಟಿ ಬರೆದರು. ಮೆಥೋಟ್ರೆಕ್ಸೇಟ್ 7.5 ಮಿಲಿಗ್ರಾಂ, ವಾರಕ್ಕೆ ಒಂದೇ ಒಂದು. ಪಕ್ಕದಲ್ಲಿ ಕನ್ನಡದಲ್ಲೇ 'ಭಾನುವಾರ ಮಾತ್ರ' ಎಂದು ಬರೆದು ಎರಡು ಗೆರೆ ಎಳೆದರು. ಉಳಿದ ಆರು ದಿನ ಫೋಲಿಕ್ ಆಮ್ಲ 5 ಮಿಲಿಗ್ರಾಂ, ದಿನಕ್ಕೊಂದು.

ಫೋಲಿಕ್ ಆಮ್ಲ ಎಂದಾಗ ನನಗೆ ಸೋಮವಾರದ ನೀಲಿ ಮಾತ್ರೆ ನೆನಪಾಯಿತು. ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವುದನ್ನು ನನಗೆ ದಿನವೂ ಯಾಕೆ? ಆ ಪ್ರಶ್ನೆ ಹಿಡಿದು ಓದುತ್ತಾ ಹೋದೆ. ಪಾಠಪುಸ್ತಕದಲ್ಲಿ ಯಾಕಿಲ್ಲ ಎನಿಸುವಂಥ ಕಥೆಯೊಂದು ಸಿಕ್ಕಿತು.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿ ಹೆಂಗಸರಿಗೆ ಒಂದು ಬಗೆಯ ರಕ್ತಹೀನತೆ ಬರುತ್ತಿತ್ತು. ಯೀಸ್ಟಿನಿಂದ ಮಾಡಿದ ಅಗ್ಗದ ಸಾರದಿಂದ, ಬ್ರೆಡ್ಡಿಗೆ ಹಚ್ಚಿಕೊಳ್ಳುವ ಮಾರ್ಮೈಟ್‌ನಿಂದ, ಅದು ವಾಸಿಯಾಗುತ್ತದೆಂದು ಅವರು ತೋರಿಸಿದರು. ಅದರಲ್ಲಿದ್ದ ವಸ್ತುವಿಗೇ ಮುಂದೆ ಫೋಲಿಕ್ ಆಮ್ಲ ಎಂಬ ಹೆಸರು ಬಂತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು ಲ್ಯಾಟಿನ್‌ನಲ್ಲಿ ಎಲೆಗೆ ಇರುವ ಪದದಿಂದ ಆ ಹೆಸರು ಕೊಟ್ಟರು. ಸೊಪ್ಪಿನ ಸಾರು ಬೇಡ ಎನ್ನುವ ಹುಡುಗರು ಇದನ್ನು ಗಮನಿಸಬೇಕು.

ಇನ್ನೊಂದು ತುದಿಯಲ್ಲಿ ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮದ್ರಾಸಿನಲ್ಲಿ ವೈದ್ಯಕೀಯ ಓದಿ 1923ರಲ್ಲಿ ಅಮೆರಿಕಕ್ಕೆ ಹೋದವರು. ಅವರ ಸಹೋದರ ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡಿದ್ದರು. ಫೋಲಿಕ್ ಆಮ್ಲ ಆ ಕಾಯಿಲೆಗೂ ಬೇಕಾದ ವಸ್ತು. 1940ರ ದಶಕದಲ್ಲಿ ಲೆಡರ್ಲೆ ಪ್ರಯೋಗಾಲಯದಲ್ಲಿ ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಅದೇ ತಂಡ ಫೋಲಿಕ್ ಆಮ್ಲದ ವೇಷ ಹಾಕಿದ, ಆದರೆ ಅದರ ಕೆಲಸ ಕೆಡಿಸುವ ಅಣುಗಳನ್ನೂ ತಯಾರಿಸಿತು. ಅವುಗಳಲ್ಲೊಂದು ಅಮಿನಾಪ್ಟೆರಿನ್. 1948ರಲ್ಲಿ ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಅದನ್ನು ಕೊಟ್ಟಾಗ, ಆವರೆಗೆ ಏನೂ ಮಾಡಲಾಗದಿದ್ದ ಕಾಯಿಲೆ ಕೆಲಕಾಲವಾದರೂ ಹಿಂಜರಿಯಿತು. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. 1951ರಲ್ಲಿ ಗಬ್ನರ್ ಎಂಬ ವೈದ್ಯರು ಕೀಲುವಾತದವರಿಗೆ ಅಮಿನಾಪ್ಟೆರಿನ್ ಕೊಟ್ಟು ನೋಡುತ್ತಿದ್ದಾಗ, ಸೋರಿಯಾಸಿಸ್ ಇದ್ದವರ ಚರ್ಮವೂ ತಿಳಿಯಾದದ್ದು ಕಣ್ಣಿಗೆ ಬಿತ್ತು. ಅದರ ತಮ್ಮನಂಥ ಮೆಥೋಟ್ರೆಕ್ಸೇಟ್ ಮುಂದೆ ಅದರ ಜಾಗಕ್ಕೆ ಬಂತು. ಕ್ಯಾನ್ಸರಿಗೆ ದೊಡ್ಡ ಪ್ರಮಾಣ, ಚರ್ಮಕ್ಕೆ ಮತ್ತು ಕೀಲಿಗೆ ವಾರಕ್ಕೊಮ್ಮೆ ಸಣ್ಣ ಪ್ರಮಾಣ.

ನಾನು ತರಗತಿಯಲ್ಲಿ ಇದನ್ನು ರಾಗಿ ಮಿಲ್ಲಿನ ಉದಾಹರಣೆ ಕೊಟ್ಟು ಹೇಳುತ್ತೇನೆ. ಫೋಲಿಕ್ ಆಮ್ಲ ರಾಗಿಯಿದ್ದಂತೆ, ಹಾಗೇ ಉಪಯೋಗಕ್ಕೆ ಬಾರದು. ದೇಹದ ಮಿಲ್ಲಿನಲ್ಲಿ, ಅಂದರೆ ಒಂದು ಕಿಣ್ವದಲ್ಲಿ, ಹಿಟ್ಟಾಗಬೇಕು. ಆ ಹಿಟ್ಟಿಲ್ಲದೆ ಕೋಶ ಹೊಸ ಡಿಎನ್ಎ ಮಾಡಲಾರದು, ಇಬ್ಭಾಗವಾಗಲಾರದು. ಮೆಥೋಟ್ರೆಕ್ಸೇಟ್ ರಾಗಿಯಂತೆಯೇ ಕಾಣುವ ಕಲ್ಲು. ಹೋಗಿ ಮಿಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ವಾರಕ್ಕೊಂದು ಕಲ್ಲಾದರೆ ಅತಿ ಅವಸರದಲ್ಲಿರುವ ಬಿಳಿಕಣಗಳು ತಣ್ಣಗಾಗುತ್ತವೆ, ಉಳಿದ ದಿನ ರಾಗಿ ಹೆಚ್ಚಾಗಿ ಸುರಿದರೆ ಬಾಯಿ, ಕರುಳು, ಮೂಳೆಯ ಮಜ್ಜೆ ಸುಧಾರಿಸಿಕೊಳ್ಳುತ್ತವೆ. ದಿನಾ ಕಲ್ಲು ಹಾಕಿದರೆ ಮಿಲ್ಲೇ ನಿಲ್ಲುತ್ತದೆ. ಇಷ್ಟೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಮಾತ್ರೆ ನಿಧಾನವಾಗಿ ಕೆಲಸ ಮಾಡಿತು. ಮೊದಲ ತಿಂಗಳು ಏನೂ ಇಲ್ಲ, ಭಾನುವಾರ ಸಂಜೆ ಸ್ವಲ್ಪ ವಾಕರಿಕೆ ಅಷ್ಟೆ. ಎರಡು ತಿಂಗಳಿಗೆ ಹಪ್ಪಳ ತೆಳುವಾಯಿತು. ಆರು ತಿಂಗಳಿಗೆ ಕೈ ಹೆಚ್ಚುಕಡಿಮೆ ಕೈಯಂತೆ ಆಯಿತು. ಎರಡು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ತಪ್ಪಿಸಲಿಲ್ಲ. ಔಷಧಿಯೂ ಅಗ್ಗ.

2017ರ ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಬೇರೆ ಊರಿಗೆ ಹೋಗಬೇಕಾಯಿತು. ನನ್ನ ಬಳಿ ಎರಡು ಮನೆಗಳಿರುವ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇತ್ತು. ಎಡಕ್ಕೆ ಭಾನುವಾರದ್ದು, ಬಲಕ್ಕೆ ದಿನದ್ದು. ಪಟ್ಟಿ ಅದರಲ್ಲಿ ಹಿಡಿಸುವುದಿಲ್ಲ ಎಂದು ಮಾತ್ರೆಗಳನ್ನು ಬಿಡಿಸಿ ಹಾಕುತ್ತಿದ್ದೆ. ಹೊರಡುವ ಹಿಂದಿನ ರಾತ್ರಿ ಕರೆಂಟು ಹೋಗಿತ್ತು. ಮೊಬೈಲಿನ ಬೆಳಕಿನಲ್ಲಿ ಹತ್ತು ಹತ್ತು ಮಾತ್ರೆ ಬಿಡಿಸಿ ತುಂಬಿದೆ. ನನಗೆ ಸಿಗುತ್ತಿದ್ದ ಎರಡು ಮಾತ್ರೆಗಳೂ ಹಳದಿ, ಎರಡೂ ಚಿಕ್ಕವು.

ನಮ್ಮ ಪ್ರಯೋಗಾಲಯದ ಗೋಡೆಯ ಮೇಲೆ ನಾನೇ ಬಣ್ಣದಲ್ಲಿ ಬರೆಸಿದ ಒಂದು ಸಾಲಿದೆ: ಲೇಬಲ್ ಇಲ್ಲದ ಬಾಟಲಿ ಮುಟ್ಟಬಾರದು. ಅದನ್ನು ಮೀರಿದ ಹುಡುಗರನ್ನು ಇಡೀ ಅವಧಿ ಹೊರಗೆ ನಿಲ್ಲಿಸಿದ್ದೇನೆ.

ಸೋಮವಾರದಿಂದ ದಿನವೂ ಬೆಳಿಗ್ಗೆ ತಿಂಡಿಯಾದ ಮೇಲೆ ಬಲಗಡೆಯಿಂದ ಒಂದೊಂದು ನುಂಗಿದೆ. ಗುರುವಾರ ಸಂಜೆ ಬಾಯಿ ಉರಿಯಿತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ತುಟಿಯ ಒಳಗೆಲ್ಲ ಹುಣ್ಣು, ಅನ್ನ ಸಾರು ನುಂಗಲು ಆಗಲಿಲ್ಲ, ಮೈ ಬೆಚ್ಚಗಿತ್ತು. ಜೊತೆಯ ಮೇಷ್ಟ್ರೊಬ್ಬರು, "ಉಷ್ಣ ಆಗಿದೆ, ಎಳನೀರು ಕುಡೀರಿ" ಎಂದರು. ಇನ್ನೊಬ್ಬರು ತಮ್ಮ ಚೀಲದಿಂದ ಜ್ವರಕ್ಕೆಂದು ಇಟ್ಟುಕೊಂಡಿದ್ದ ಸಲ್ಫಾ ಜಾತಿಯ ಆಂಟಿಬಯಾಟಿಕ್ ತೆಗೆದುಕೊಟ್ಟರು. ಕೋಟ್ರೈಮಾಕ್ಸಜೋಲ್ ಎಂದು ಅದರ ಹೆಸರು. ಅದೂ ಫೋಲಿಕ್ ಆಮ್ಲದ ದಾರಿಗೇ ಅಡ್ಡ ನಿಲ್ಲುವ ಔಷಧಿ. ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ಮಜ್ಜೆಯನ್ನು ಮಲಗಿಸಿಬಿಡುತ್ತದೆ. ನುಂಗಲು ಗಂಟಲು ನೋಯುತ್ತಿತ್ತು ಎಂಬ ಕಾರಣಕ್ಕಷ್ಟೇ ರಾತ್ರಿ ನೋಡೋಣ ಎಂದು ಜೇಬಿನಲ್ಲಿ ಇಟ್ಟುಕೊಂಡೆ.

ರಾತ್ರಿ ಮನೆಗೆ ಫೋನು ಮಾಡಿದೆ. ಮಾತು ತೊದಲುತ್ತಿತ್ತು. ಮಗಳು ಆಗ ಎರಡನೇ ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡು, "ಅಪ್ಪ, ಡಬ್ಬಿ ತೆಗೆದು ನೋಡು" ಎಂದಳು. ಮನೆಯಲ್ಲಿ ಉಳಿದಿದ್ದ ಪಟ್ಟಿಗಳನ್ನು ಅವಳು ಎದುರಿಗಿಟ್ಟುಕೊಂಡಿದ್ದಳು. "ಫೋಲಿಕ್ ಮಾತ್ರೆಗೆ ಮಧ್ಯದಲ್ಲಿ ಒಂದು ಗೆರೆ ಇದೆ. ಇನ್ನೊಂದಕ್ಕೆ ಇಲ್ಲ. ನಿನ್ನ ಬಲಗಡೆಯದ್ದಕ್ಕೆ ಗೆರೆ ಇದೆಯಾ?"

ಕನ್ನಡಕ ಹಾಕಿಕೊಂಡು ದೀಪದ ಕೆಳಗೆ ಹಿಡಿದೆ. ಬಲಗಡೆ ಐದು ಮಾತ್ರೆ ಉಳಿದಿದ್ದವು. ಒಂದಕ್ಕೂ ಗೆರೆ ಇರಲಿಲ್ಲ.

ಐದು ವಾರದ ಔಷಧಿಯನ್ನು ಐದು ದಿನದಲ್ಲಿ ನುಂಗಿದ್ದೆ. ಹಾಸನದ ಡಾಕ್ಟರಿಗೆ ಮಗಳೇ ಫೋನು ಮಾಡಿದಳು. ಬೆಳಗಾಗುವವರೆಗೆ ಕಾಯಬೇಡಿ ಎಂದರಂತೆ. ಎಳನೀರಿನ ಮೇಷ್ಟ್ರೇ ರಾತ್ರಿ ಹನ್ನೊಂದಕ್ಕೆ ಬಾಡಿಗೆ ಕಾರು ಹಿಡಿದು ನನ್ನನ್ನು ಆಸ್ಪತ್ರೆಗೆ ಸೇರಿಸಿದರು. ನಾಲ್ಕು ಸಾವಿರಕ್ಕಿಂತ ಕೆಳಗಿಳಿಯಬಾರದ ಬಿಳಿಕಣ ಎರಡು ಸಾವಿರಕ್ಕೆ ಬಂದಿತ್ತು. ಫೋಲಿನಿಕ್ ಆಮ್ಲದ ಇಂಜೆಕ್ಷನ್ ಕೊಟ್ಟರು. ಫೋಲಿಕ್ ಅಲ್ಲ, ಫೋಲಿನಿಕ್. ಮಿಲ್ಲು ಕೆಟ್ಟು ನಿಂತಾಗ ಮತ್ತಷ್ಟು ರಾಗಿ ಸುರಿದು ಪ್ರಯೋಜನವಿಲ್ಲ, ಹಿಟ್ಟನ್ನೇ ತರಬೇಕು. ಇದು ಆ ಹಿಟ್ಟು. ಒಂಬತ್ತು ದಿನ ಅಲ್ಲಿದ್ದೆ. ಗಂಜಿಯನ್ನೂ ಚಮಚದಲ್ಲಿ ಅಳೆದು ಕುಡಿದೆ. ವಾರ್ಡಿನ ಡಾಕ್ಟರು ಹೇಳಿದರು, ದಿನಾ ತೆಗೆದುಕೊಂಡು ಬರುವವರಲ್ಲಿ ನಾನು ಮೊದಲನೆಯವನಲ್ಲ, ಎಲ್ಲರೂ ಉಳಿದಿಲ್ಲ. ಓದು ಬಾರದವರೇ ಇರಬೇಕು ಎಂದುಕೊಂಡಿದ್ದೆ. ಪಕ್ಕದ ಹಾಸಿಗೆಯ ಅಜ್ಜಿ ಕೀಲುನೋವಿಗೆ ಇದೇ ಮಾತ್ರೆ ತಿನ್ನುತ್ತಿದ್ದರು. ಅಕ್ಷರ ಬಾರದ ಅವರು ಸಂತೆಯ ದಿನ ಮಾತ್ರ ನುಂಗುತ್ತಿದ್ದರು, ಆರು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಮನೆಗೆ ಬಂದ ಮೇಲೆ ಕೆಲವು ತಿಂಗಳು ಬಿಟ್ಟು, ಕಾಯಿಲೆ ತಿರುಗಿ ಬಂದಾಗ ಅದೇ ಔಷಧಿ ಮತ್ತೆ ಶುರುವಾಯಿತು. ಹೆಂಡತಿಗೆ ಇಷ್ಟವಿರಲಿಲ್ಲ. ತಪ್ಪು ಔಷಧಿಯದಲ್ಲ ಎಂದು ಡಾಕ್ಟರು ಅವಳಿಗೆ ಬಿಡಿಸಿ ಹೇಳಬೇಕಾಯಿತು. ಅಂದಿನಿಂದ ಭಾನುವಾರದ ಮಾತ್ರೆ ಪಟ್ಟಿಯ ಸಮೇತ ಅವಳ ಬೀರುವಿನಲ್ಲಿತ್ತು. ನುಂಗಿದ ಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. 2021ರಲ್ಲಿ ರಕ್ತಪರೀಕ್ಷೆಯಲ್ಲಿ ಪಿತ್ತಜನಕಾಂಗದ ಲೆಕ್ಕ ಏರತೊಡಗಿದ್ದರಿಂದ ಅದನ್ನು ನಿಲ್ಲಿಸಿ ಅಪ್ರೆಮಿಲಾಸ್ಟ್ ಎಂಬ ಬೇರೆ ಮಾತ್ರೆ ಕೊಟ್ಟರು. ದಿನಕ್ಕೆ ಎರಡು. 10 ಮಿಲಿಗ್ರಾಂನಿಂದ ಶುರುಮಾಡಿ ಕೆಲವು ದಿನಗಳಲ್ಲಿ 30ಕ್ಕೆ ಏರಿಸುವುದು. ಮೊದಲ ಎರಡು ವಾರ ಹೊಟ್ಟೆ ಕೆಟ್ಟು ಪಾಠದ ಮಧ್ಯೆ ಓಡಿದ್ದುಂಟು, ಆಮೇಲೆ ಹೊಂದಿಕೊಂಡಿತು. ತೂಕ ಇಳಿಯಬಹುದು, ಕೆಲವರಿಗೆ ಮನಸ್ಸು ಮಂಕಾಗಬಹುದು, ಹಾಗಾದರೆ ಮುಚ್ಚಿಡದೆ ಹೇಳಿ ಎಂದಿದ್ದಾರೆ. ಬೆಲೆ ಹೆಚ್ಚು. ನಮ್ಮ ದೇಶದ ಕಂಪನಿಗಳೂ ಮಾಡುತ್ತಿರುವುದರಿಂದ ಮೇಷ್ಟ್ರ ಸಂಬಳಕ್ಕೆ ಹೇಗೋ ಎಟುಕುತ್ತದೆ. ಮೊಣಕೈಯಲ್ಲಿ ಎರಡು ಹಪ್ಪಳ ಉಳಿದಿವೆ. ಅವು ಇರಲಿ ಬಿಡಿ. ಇದು ಬೇರುಸಹಿತ ಹೋಗುವ ಕಾಯಿಲೆಯಲ್ಲ. ಬೇರುಸಹಿತ ತೆಗೆಯುತ್ತೇನೆ ಎನ್ನುವವರನ್ನು ಕಂಡರೆ ನನಗೆ ಬೂದು ಪೊಟ್ಟಣ ನೆನಪಾಗುತ್ತದೆ.

ಸೋಮವಾರದ ನೀಲಿ ಮಾತ್ರೆಯ ಕೆಲಸ ಮತ್ತೆ ನನಗೆ ಬಂದಿದೆ, ಕನ್ನಡ ಮೇಡಂ ವರ್ಗವಾಗಿ ಹೋದದ್ದರಿಂದ.

ಈ ವರ್ಷ ಒಂಬತ್ತನೇ ತರಗತಿಯ ಒಬ್ಬ ಹುಡುಗ ತರಗತಿಯಲ್ಲೂ ಟೋಪಿ ತೆಗೆಯುತ್ತಿರಲಿಲ್ಲ. ಉಳಿದ ಮೇಷ್ಟ್ರುಗಳು ಗದರುತ್ತಿದ್ದರು. ನಾನು ಅವನ ಕಿವಿಯ ಹಿಂದೆ ನೋಡಿದೆ, ಗೊತ್ತಾಯಿತು. ಪ್ರಯೋಗಾಲಯಕ್ಕೆ ಕರೆದು ನನ್ನ ಅಂಗಿಯ ತೋಳು ಮೇಲೆತ್ತಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಅವನೂ ಟೋಪಿ ತೆಗೆದ. ನೆತ್ತಿಯ ತುಂಬ ಹರಡಿತ್ತು, ಮೊಣಕಾಲಿಗೂ ಬಂದಿದೆಯಂತೆ.

"ಏನು ಹಚ್ಚುತ್ತಿದ್ದೀಯಪ್ಪ?"

"ಹಚ್ಚಲ್ಲ ಸಾರ್. ಅಪ್ಪ ಒಂದು ಪುಡಿ ತಂದವ್ರೆ. ತಿಂದ್ರೆ ಒಂದೇ ತಿಂಗಳಲ್ಲಿ ಹೋಗುತ್ತಂತೆ. ಶುರುಮಾಡಿ ಇಪ್ಪತ್ತು ದಿನ ಆಯ್ತು, ಕಮ್ಮಿ ಆಗೈತೆ" ಎಂದ. ಅವನ ಕೆನ್ನೆ ದುಂಡಗಾಗಿರುವುದನ್ನು ಆಗ ಗಮನಿಸಿದೆ.

ತಿನ್ನು ಎನ್ನಲು ನನಗೆ ಬಾಯಿ ಬರಲಿಲ್ಲ. ತಟ್ಟನೆ ನಿಲ್ಲಿಸು ಎನ್ನಲೂ ಬರಲಿಲ್ಲ, ನಿಲ್ಲಿಸಿದ ಹತ್ತು ದಿನ ಏನಾಯಿತೆಂದು ನನ್ನ ಮೈಗೆ ಗೊತ್ತು. ಸಂಜೆ ಅವರ ಮನೆಗೇ ಹೋದೆ. ಅವನ ತಂದೆ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. "ಗುಣ ಆಗ್ತಾ ಐತಲ್ಲ ಮೇಷ್ಟ್ರೇ, ಇನ್ಯಾಕೆ ಡಾಕ್ಟ್ರು? ಅವರು ಕೊಡೋ ಮಾತ್ರೆ ಹೀಟು" ಎಂದರು. ಮಕ್ಕಳಿಗೆ ಮೊದಲೇ ದೊಡ್ಡ ಮಾತ್ರೆ ಕೊಡುವುದಿಲ್ಲ, ಬಹಳಷ್ಟು ಮುಲಾಮಿನಲ್ಲೇ ಹತೋಟಿಗೆ ಬರುತ್ತದೆ, ಆದರೆ ಈ ಪುಡಿಯಲ್ಲಿ ಏನಿದೆಯೋ ಅದನ್ನು ಡಾಕ್ಟರು ನೋಡಿ ಹೇಗೆ ಬಿಡಿಸಬೇಕೋ ಹಾಗೆ ಬಿಡಿಸಬೇಕು ಎಂದೆ. ನನ್ನ ಕಥೆಯನ್ನೂ ಹೇಳಿದೆ, ಎರಡು ಹಳದಿ ಮಾತ್ರೆಯ ಕಥೆಯನ್ನೂ ಬಿಡಲಿಲ್ಲ. ಅದು ಕೇಳಿ ಅವರು ಇನ್ನಷ್ಟು ಹೆದರಿದರು. ಹೇಳಬಾರದಿತ್ತೇನೋ.

ಕೊನೆಗೆ ಹುಡುಗನ ತಾಯಿ ಒಳಗಿನಿಂದಲೇ, "ಒಂದ್ ಸಲ ತೋರ್ಸ್ಕೊಂಡ್ ಬನ್ನಿ ಅತ್ಲಾಗೆ" ಎಂದರು. ಬರುವ ಶನಿವಾರ ಬೆಳಗಿನ ತರಗತಿ ಮುಗಿಸಿ ಮೂವರೂ ಹಾಸನಕ್ಕೆ ಹೋಗುವುದೆಂದಾಗಿದೆ. ಹನ್ನೆರಡೂ ಕಾಲಿನ ಬಸ್ಸು. ಪುಡಿಯ ಪೊಟ್ಟಣ ಮರೆಯದೆ ತರಬೇಕೆಂದು ಹುಡುಗನಿಗೆ ಹೇಳಿದ್ದೇನೆ.